ಒಂದೇ ದಿನ ಮುಗಿಸಿದ ಮೂರು ಕೆಲಸ

ಹೊನ್ನೂರಿನ ನಮ್ಮ ಕಬ್ಬಿನ ಗದ್ದೆಯ ನಡುವೆ ಒಂದು ಶೆಡ್ಡಿನಲ್ಲಿ ನಾನು ಹಂದಿ ಸಾಕುತ್ತಿದ್ದದ್ದು ಮನೆಯಲ್ಲಿ ಹೆಂಡತಿಗೆ ಮಾತ್ರ ಗೊತ್ತಿತ್ತು. ನಮ್ಮದು ಮಾಂಸ ಮುಟ್ಟದ ಮನೆ. ಅಣ್ಣ ಲಿಂಗಪೂಜೆಯಾಗದೆ ನೀರನ್ನೂ ಕುಡಿಯುವವನಲ್ಲ. ಶೆಡ್ಡಿನಲ್ಲಿ ಗೊಬ್ಬರವಿದೆ ಎಂದು ಅವನಿಗೆ ಹೇಳಿದ್ದೆ.

ಹನ್ನೊಂದು ಮರಿಗಳಿದ್ದವು. ಹಾಲು ಬಿಡಿಸಿ ಎರಡು ವಾರ ಕಳೆಯಲಿ, ಆಮೇಲೆ ಲಸಿಕೆ ಹಾಕೋಣ ಎಂದು ಯಳಂದೂರಿನ ಪಶುವೈದ್ಯರು ಮೊದಲೇ ಹೇಳಿದ್ದರು. ಆದರೆ ಅವರು ಊರಿನ ದನ ನೋಡಲು ಬರುವ ದಿನ ಮರಿಗಳಿನ್ನೂ ಹಾಲು ಕುಡಿಯುತ್ತಿದ್ದವು. ಬೇಡವೆಂದರೆ ಅವರ ಬೈಕು ಇನ್ನೊಂದು ದಿನ ನಮ್ಮ ಗದ್ದೆಗೆಂದೇ ಬರಬೇಕು, ಜನ ಕೇಳುತ್ತಾರೆ. ಆ ಬೆಳಿಗ್ಗೆಯೇ ಮರಿಗಳನ್ನು ತಾಯಿಯಿಂದ ಬೇರೆ ಮಾಡಿದೆ. ಕೊಳ್ಳೇಗಾಲದಿಂದ ತಂದ ಹೊಸ ತಿಂಡಿಯನ್ನು ಸುರಿದೆ. ಮಧ್ಯಾಹ್ನ ವೈದ್ಯರು ಬಂದಾಗ, ಬಿಡಿಸಿ ಹದಿನೈದು ದಿನವಾಯಿತು ಎಂದೆ. ಪಕ್ಕದ ಗೂಡಿನಲ್ಲಿ ತಾಯಿಯ ಮೊಲೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು. ಅವರು ಆ ಕಡೆ ನೋಡಲಿಲ್ಲ.

ಮಾರನೆಯ ದಿನ ಮರಿಗಳ ಕಿವಿ ಸುಡುತ್ತಿತ್ತು. ಒಂದರ ಮೇಲೊಂದು ಬಿದ್ದು ಮೂಲೆ ಸೇರಿದ್ದವು. ಅದರ ಮರುದಿನ ನೀರಿನಂಥ ಭೇದಿ. ಬೆರಳಲ್ಲಿ ತೆಗೆದು ನೋಡಿದೆ. ಜೋಳದ ನುಚ್ಚು ಕರಗದೆ ಹಾಗೇ ಇತ್ತು. ಮೂರನೆಯ ದಿನ ಎರಡು ಸತ್ತವು. ಫೋನು ಮಾಡಿದೆ.

“ನಿಜ ಏಳಿ ಸ್ವಾಮಿ, ಆಲು ಬಿಡ್ಸಿದ್ದು ಯಾವಾಗ?” ವೈದ್ಯರು ಕೇಳಿದರು.

“ಅವತ್ತೇ.”

“ಮೈಯೆಲ್ಲ ಸೂಜಿ ಜೊತೆ ಕುಸ್ತಿಗೆ ನಿಂತದೆ. ಕರುಳ್ನ ನೋಡ್ಕಳೋರು ಯಾರು? ಒಳಗಿನ ಪೊರೆ ಸೊರಗೋಯ್ತದೆ, ತಿಂದದ್ದು ಅಂಗೇ ಓಯ್ತದೆ. ನಾನು ಬರ್ಬೇಕು.”

“ಕಾಲುವೆ ದಾರೀಲಿ ಬನ್ನಿ.”

“ಅಲ್ಲಿ ಮಂಡಿ ಮಟ ನೀರು. ಊರೊಳಗಿಂದ ಬತ್ತೀನಿ, ಇಲ್ಲಾಂದ್ರೆ ಇಲ್ಲ. ನಿಮ್ ಮರ್ವಾದೆ ತಕಂಡೋಗಿ ಮರಿ ಒಟ್ಟೆ ಮೇಲೆ ಕೂರ್ಸಿದ್ದೀರಲ್ಲ ಸ್ವಾಮಿ!”

ಬನ್ನಿ ಎಂದೆ.

ಊರೊಳಗೆ ಬೈಕು ಕಂಡು ಅದರ ಹಿಂದೆಯೇ ಅಣ್ಣ ನಡೆದು ಬಂದ. ಬಾಗಿಲಾಚೆ ನಿಂತು ಟವಲು ಮೂಗಿಗಿಟ್ಟುಕೊಂಡ. ಒಂದು ಮರಿ ನನ್ನ ಮಂಡಿಗಳ ನಡುವಿತ್ತು. ಸಿರಿಂಜಿನಲ್ಲಿ ಅದರ ಬಾಯಿಗೆ ಉಪ್ಪು ಸಕ್ಕರೆಯ ನೀರು ಬಿಡುತ್ತಿದ್ದೆ. ಕೈಯೆಲ್ಲ ಗಲೀಜು. ಏಳಲಾಗಲಿಲ್ಲ.

“ಲೇ, ಏನ್ಲಾ ಇದು?”

“ಅಂದಿ ಮರಿ ಕಣಣ್ಣ.”

“ಎಷ್ಟು ದಿನದಿಂದ?”

“ಎರಡು ವರ್ಸ.”

ವೈದ್ಯರು ತಲೆ ಎತ್ತದೆ ಹೇಳಿದರು: “ಗಂಟೆಗೊಂದ್ಸಲ ಕುಡಿಸ್ಬೇಕು. ಇವರು ಎದ್ದೋಗಂಗಿಲ್ಲ.”

“ಎದ್ದು ಎಲ್ಗೋದಾನು? ಮನೆಗಂತೂ ಬರಂಗಿಲ್ಲ,” ಎಂದ ಅಣ್ಣ. ಕಬ್ಬಿನ ಗರಿ ಸರಿಸಿಕೊಂಡು ಹೋದ ಸದ್ದು ಬದುವಿನ ತನಕ ಕೇಳಿತು.

ಮರಿ ಹಲ್ಲು ಕಚ್ಚಿತ್ತು. ತುಟಿಯ ಸಂದಿಯಲ್ಲಿ ಹನಿಹನಿಯಾಗಿ ಬಿಟ್ಟೆ. ಗಂಟಲು ಒಮ್ಮೆ ಅಲುಗಿತು. ಅದನ್ನು ಗೋಣಿಯ ಮೇಲೆ ಮಲಗಿಸಿ ಮುಂದಿನದನ್ನು ಎತ್ತಿಕೊಂಡೆ. ಕುಡಿಸಲು ಇನ್ನೂ ಎಂಟಿದ್ದವು.