ಡೇಗ್ಚಿ ಇರುವ ಪುಸ್ತಕ

ಟಿ.ವಿ.ಯಲ್ಲಿ ಯುದ್ಧ ನೋಡಿದ ಮೇಲೆ ನನ್ನ ಮಗಳಿಗೆ ನಿದ್ದೆ ಹತ್ತುತ್ತಿರಲಿಲ್ಲ. "ಅಮ್ಮಿ, ನಾವೂ ಮನೆ ಬಿಟ್ಟು ಓಡಬೇಕಾ?" ಎನ್ನುತ್ತಿದ್ದಳು. ಹಾಗೆ ಮನೆ ಬಿಟ್ಟು ಹೋದವರ ಕಥೆಗಳಿರುವ ಮಕ್ಕಳ ಪುಸ್ತಕಗಳನ್ನು ನಾನು ಇಂಟರ್ನೆಟ್ಟಿನಲ್ಲಿ ಹುಡುಕಿ ತರಿಸಿದೆ. ಮಗಳ ಕೈಗೆ ಕೊಡುವ ಮೊದಲು ಅವನ್ನು ನೋಡಿ ಪಾಸು ಮಾಡುವವರು ಖಿದಿರ್‌ಪುರದ ನಮ್ಮ ಕ್ವಾರ್ಟರ್ಸಿನ ಎದುರುಮನೆಯಲ್ಲಿದ್ದ ಹುಬ್ಬಳ್ಳಿ ಆಪಾ.

ಆಪಾ ಒದ್ದೆ ಕೈಯನ್ನು ದುಪಟ್ಟಾಕ್ಕೆ ಒರೆಸಿ, ಕಥೆಯವರು ಊರು ಬಿಡುವ ಪುಟಕ್ಕೇ ನೇರ ಹೋಗುತ್ತಿದ್ದರು. "ಡೇಗ್ಚಿ ಎಲ್ಲೈತಿ?" ಎಂದು ಅಡುಗೆಯ ದೊಡ್ಡ ಪಾತ್ರೆಯನ್ನು ಹುಡುಕುವುದೊಂದೇ ಅವರ ಪರೀಕ್ಷೆ. ಮುಖಪುಟದ ತುಂಬ ಅಳುವ ಕಣ್ಣುಗಳಿದ್ದ ಪುಸ್ತಕವನ್ನು ಪಟ್ಟನೆ ಮುಚ್ಚಿ ತಮ್ಮ ಪಕ್ಕಕ್ಕಿಟ್ಟರು.

"ಬರೇ ಫೋಟೋ ಹಿಡಕೊಂಡು ಓಡ್ಯಾರ. ನಮ್ಮ ಮಂದಿ ಬಿರಿಯಾನಿ ಡೇಗ್ಚಿ ಬಿಟ್ಟು ಓಡ್ತಾರೇನವಾ? ಕೂಸಿಗೆ ಇದು ಬ್ಯಾಡ."

ಅಜ್ಜಿಯೊಬ್ಬಳು ಕತ್ತೆಗೆ ಪಾತ್ರೆ ಕಟ್ಟಿಕೊಂಡು ಗಡಿ ದಾಟುವ ಪುಸ್ತಕವೊಂದೇ ಪಾಸಾಯಿತು. ಮಗಳು ಅದನ್ನು ನಗುತ್ತ ಓದಿ, ನಮ್ಮ ಡೇಗ್ಚಿ ಅಡುಗೆಮನೆಯಲ್ಲೇ ಇದೆಯೆಂದು ನೋಡಿ ಬಂದು ಮಲಗಿದಳು.

ಆಪಾರ ಯಜಮಾನರಿಗೆ ವರ್ಗವಾದಾಗ ಹೌರಾ ಸ್ಟೇಷನ್ನಿಗೆ ಬೀಳ್ಕೊಡಲು ಹೋದೆ. ಸಾಮಾನೆಲ್ಲ ಲಾರಿಯಲ್ಲಿ ಹೋಗಿತ್ತು. ಆಪಾ ಮಾತ್ರ ಡೇಗ್ಚಿಯನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಕೂತಿದ್ದರು. ಚೇಷ್ಟೆಗೆ ಮುಚ್ಚಳ ಎತ್ತಿದೆ. ಒಳಗೆ ಆ ಅಳುವ ಕಣ್ಣುಗಳ ಪುಸ್ತಕ.

"ಕೂಸಿಗೆ ಬ್ಯಾಡ ಅಂದಿದ್ದೆ," ಎನ್ನುತ್ತ ಆಪಾ ಮುಚ್ಚಳ ಕಿತ್ತುಕೊಂಡರು. "ನನಗ ಬ್ಯಾಡ ಅಂದಿದ್ನೇನು?"