ಎಂಟನೇ ನಂಬರಿನ ಬೂಟು

ಹೊಟ್ಟೆಕಿಚ್ಚು ಅಂದರೆ ಏನು ಅಂತ ನನ್ನನ್ನು ಕೇಳಿ. ಹೊಲಕ್ಕೋ ಮನೆಗೋ ಬಂದದ್ದಲ್ಲ ನನಗೆ, ಒಂದು ಜೊತೆ ಬೂಟಿಗೆ ಬಂತು. ಅದೂ ಜೋಡು ಮಾರಿಯೇ ಅನ್ನ ತಿನ್ನುವವನಿಗೆ!

ಕೆ.ಆರ್.ಪೇಟೆಯಲ್ಲಿ ನನ್ನದೊಂದು ಚಪ್ಪಲಿ ಅಂಗಡಿ. ಬೂಕನಕೆರೆಯಲ್ಲಿ ಹಸು ಕಟ್ಟಿಕೊಂಡು ಬೇಸಾಯ ಮಾಡುವ ನನ್ನ ಗೆಳೆಯ, ಮದುವೆಗೆ ಹಾಕಿದ ಶೂನಿಂದ ಹಿಡಿದು ಗದ್ದೆ ಬದುವಿನ ಮೇಲೆ ಓಡಾಡುವ ಚಪ್ಪಲಿವರೆಗೆ ಎಲ್ಲವನ್ನೂ ನನ್ನಲ್ಲೇ ಕೊಂಡವನು. ಹುಡುಗನಾಗಿದ್ದಾಗ ಎತ್ತು ತುಳಿದು ಅವನ ಎಡಗಾಲಿನ ಹೆಬ್ಬೆರಳು ವಾಲಿಕೊಂಡಿದೆ. ಎಷ್ಟು ವಾಲಿದೆ ಅನ್ನುವುದು ಅವನ ಹೆಂಡತಿಗಿಂತ ನನಗೆ ಚೆನ್ನಾಗಿ ಗೊತ್ತು. ತಿಂಗಳಿಗೊಂದು ಭಾನುವಾರ ಅವನ ಬೈಕಿನಲ್ಲಿ ಇಬ್ಬರೂ ಕರಿಘಟ್ಟಕ್ಕೆ ಹೋಗಿ, ಮೆಟ್ಟಿಲು ಹತ್ತಿಳಿದು, ಶ್ರೀರಂಗಪಟ್ಟಣದಲ್ಲಿ ಇಡ್ಲಿ ತಿಂದು ಬರುತ್ತಿದ್ದೆವು.

ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಯಿತು ಅನ್ನುತ್ತಾರಲ್ಲ, ಹಾಗಾಯಿತು. ನಾಗಮಂಗಲದಿಂದ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ಅವನಿಗೆ ಗಂಟುಬಿದ್ದರು. ಕಾಡು ಬೆಟ್ಟ ಸುತ್ತುವ ಹುಚ್ಚು ಅವರಿಗೆ. ಕರಿಘಟ್ಟಕ್ಕೆ ಅವರ ಕಾರಿನಲ್ಲೇ ಹೋಗುವುದು ಶುರುವಾಯಿತು. ಮುಂದಿನ ಸೀಟಿನಲ್ಲಿ ನನ್ನ ಗೆಳೆಯ. ಹಿಂದೆ ನಾನು, ಮೇಷ್ಟ್ರ ಬ್ಯಾಗಿನ ಜೊತೆ. ದಾರಿಯುದ್ದಕ್ಕೂ ಬೂಟಿನ ಮಾತು. ಒದ್ದೆ ಬಂಡೆಯ ಮೇಲೆ ಜಾರದ ಅಟ್ಟೆ, ನೀರು ಇಳಿಯದ ಒಳಪದರ, ಕಾಲಿನ ಗಿಣ್ಣು ಮುಚ್ಚುವ ಎತ್ತರ. ಹಿಂದೆ ಒಬ್ಬ ಜೋಡಿನ ವ್ಯಾಪಾರಿ ಕೂತಿದ್ದಾನೆ, ಅವನನ್ನೂ ಒಂದು ಮಾತು ಕೇಳೋಣ ಅಂತ ಇಬ್ಬರಿಗೂ ಅನ್ನಿಸಲಿಲ್ಲ.

ಮಳೆಗಾಲದಲ್ಲಿ ಘಟ್ಟದ ಕಾಡಿನೊಳಗೆ ಎರಡು ದಿನ ನಡೆಯುವುದು ಅಂತ ಗೊತ್ತುಮಾಡಿದರು. ನನ್ನನ್ನೂ ಕರೆದರು. ಅಂಗಡಿ ಬಿಟ್ಟು ಬರೋಕಾಗಲ್ಲ ಅಂದೆ. ಇನ್ನೊಂದು ಸಲ ಕರೆಯಲಿ ಅಂತ ಕಾದೆ, ಕರೆಯಲಿಲ್ಲ.

ಹೊರಡುವ ವಾರ ಗೆಳೆಯ ಒಂದು ಡಬ್ಬ ಹಿಡಿದು ಅಂಗಡಿಗೆ ಬಂದ. ಹೊಸ ಬೂಟು.

"ನಿನ್ ತಾವ ಇಂಥವು ಇಲ್ವಲ್ಲಾ, ಅದ್ಕೇ ಮೇಷ್ಟ್ರ ಫೋನಲ್ಲೇ ತರಿಸ್ದೆ. ಸರ್ಯಾಗಿಲ್ದಿದ್ರೆ ಬದಲಾಯಿಸ್ಕೊಡ್ತಾರಂತೆ. ನೀನೊಂದ್ಸಲ ಒತ್ತಿ ನೋಡ್ಬುಡ್ಲಾ."

ಮನೆಯಲ್ಲಿ ಅಡುಗೆ ಮಾಡಿಟ್ಟಿರುವಾಗ ಹೋಟೆಲಿನ ಪೊಟ್ಟಣ ತಂದು ಹೆಂಡತಿಯ ಮುಂದೆ ಬಿಚ್ಚಿದ ಹಾಗಾಯಿತು. ಆದರೂ ಅವನಿಗೆ ಬೂಟು ಹಾಕಿಸಿ ಕಾಲ ಬಳಿ ಕೂತೆ. ಬೂಟಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ನಮ್ಮ ಕಸುಬು. ದಪ್ಪ ಕಾಲುಚೀಲ ಹಾಕಿದ ಮೇಲೂ ಬೆರಳ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಉಗುರು ಹೋಗುತ್ತದೆ. ಚಪ್ಪಲಿಯಲ್ಲಿ ಎಂಟು ಹಾಕುವ ಅವನಿಗೆ ಇಂಥ ಬೂಟಿನಲ್ಲಿ ಒಂಬತ್ತೇ ಬೇಕು. ಅವನು ತರಿಸಿದ್ದು ಎಂಟು. ಬಲಗಾಲು ಹೇಗೋ ಆಗುತ್ತಿತ್ತು. ಎಡಗಾಲಿನ ಹೆಬ್ಬೆರಳು ಒಳಗೆ ಮೂತಿಗೇ ಅಂಟಿಕೊಂಡು ಕೂತಿತ್ತು.

ಬೇಡ ಕಣ್ಲಾ ಅನ್ನುವುದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವನು, "ಮೇಷ್ಟ್ರು ಬಾರಿ ತಿಳ್ಕೊಂಡವ್ರೆ ಕಣ್ಲಾ" ಅಂದ.

"ಸರ್ಯಾಗದೆ, ಓಗ್ಬುಟ್ ಬಾ" ಅಂದೆ.

ಅನುಭವಿಸಲಿ, ಮೇಷ್ಟ್ರ ತಿಳುವಳಿಕೆ ಎಷ್ಟು ಅಂತ ಗೊತ್ತಾಗಲಿ ಅಂದುಕೊಂಡೆ. ಅವರು ಕಾಡಿನಲ್ಲಿದ್ದ ಎರಡು ದಿನವೂ ಗಿರಾಕಿಗಳ ಜೊತೆ ನಗುನಗುತ್ತಾ ವ್ಯಾಪಾರ ಮಾಡಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ನಕ್ಕದ್ದು ನಿಜ.

ಮೂರನೇ ದಿನ ಗೆಳೆಯ ಕುಂಟುತ್ತಾ ಬಂದು ಅಂಗಡಿಯಲ್ಲಿ ಕೂತ. ಎಡಗಾಲಿಗೆ ಬಟ್ಟೆ ಸುತ್ತಿತ್ತು. ಹೆಬ್ಬೆರಳಿನ ಉಗುರು ಕಿತ್ತುಬಂದು ಎರಡನೇ ದಿನ ಅರ್ಧಕ್ಕೇ ವಾಪಸಾಗಿದ್ದರು. ನಾನು ಇದಕ್ಕೇ ಕಾದಿದ್ದವನು.

"ನೋಡ್ದೇನ್ಲಾ ನಿಮ್ಮೇಷ್ಟ್ರು ಆರಿಸಿದ ಬೂಟ?"

"ಅವ್ರನ್ಯಾಕ್ಲಾ ಅಂತೀಯೆ? ಒರಡೋ ಮುಂಚಿನ್ ದಿನ್ವೇ ನಾನು ನಡೆಯೋದ್ ನೋಡಿ, ಬಿಗಿ ಅದೆ, ಬದಲಾಯಿಸ್ಬುಡವ ಅಂದ್ರು. ಒಂದ್ ವಾರ ಬುಟ್ಟು ಓಗವ ಅಂತ್ಲೂ ಅಂದ್ರು. ನಾನೇ ಕೇಳ್ನಿಲ್ಲ. ಪ್ಯಾಟೇಲಿ ನನ್ ಸ್ನೇಯಿತ ಒತ್ತಿ ನೋಡವ್ನೆ, ಅವ್ನು ಸರಿ ಅಂದ್ಮೇಲೆ ಸರಿಯೇ ಅಂದ್ಬುಟ್ಟೆ."

ಅವನು ಬಟ್ಟೆ ಸುತ್ತಿದ ಕಾಲನ್ನೇ ನೋಡುತ್ತಾ ಕೇಳಿದ.

"ಅಂಗಿದ್ರೂ ಯಾಕಿಂಗಾಯ್ತು ಅಂತೀನಿ. ಮಳೇಲಿ ನೆಂದು ಕಾಲು ಊದ್ಕಂಡಿತ್ತೇನೋ, ಅಲ್ವೇನ್ಲಾ?"

"ಊಂ ಕಣ್ಲಾ, ಊದ್ಕಂಡಿರ್ಬೇಕು" ಅಂದೆ.

ಅದನ್ನೂ ನಂಬಿದ.