ಮೀನೆಣ್ಣೆಯ ನಂತರದ ಸ್ನಾನ

ಜಯನಗರದ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರ್ ರೋಗಿಗಳಿಗೆ ಆಹಾರದ ಸಲಹೆ ಕೊಡುವುದು ನನ್ನ ಕೆಲಸ. ಕಿಮೋಥೆರಪಿಯಿಂದ ಪಾದಗಳು ಜೋಮು ಹಿಡಿದಿದ್ದ ಗೃಹಿಣಿಯೊಬ್ಬರಿಗೆ ವೈದ್ಯರು ಮೀನೆಣ್ಣೆಯ ಮಾತ್ರೆ ಬರೆದಿದ್ದರು. ಅವರನ್ನು ಒಪ್ಪಿಸುವ ಹೊಣೆ ನನ್ನದಾಯಿತು. ನರಗಳ ತೊಂದರೆ ತಗ್ಗಬಹುದು, ಖಚಿತವಿಲ್ಲ ಎಂದೆ. ಈರುಳ್ಳಿಯನ್ನೂ ಮುಟ್ಟದ ಮನೆತನದ ಆಕೆ ಮರುಮಾತಿಲ್ಲದೆ ಒಪ್ಪಿದರು. ನನ್ನ ವಿವರಣೆಯ ಬಗ್ಗೆ ನನಗೇ ಹೆಮ್ಮೆಯಾಯಿತು.

ತಿಂಗಳ ನಂತರ ಬಂದಾಗ ಅವರ ಎರಡೂ ಪಾದಗಳಲ್ಲಿ ಬೊಬ್ಬೆಗಳಿದ್ದವು.

"ಇದೇನಾಯಿತು?"

"ಮಾತ್ರೆ ನುಂಗಿದ್ಮೇಲೆ ಸ್ನಾನ ಮಾಡ್ತೀನಲ್ಲ ಮೇಡಂ. ಮೀನು ಒಳಗೆ ಹೋದ್ಮೇಲೆ ಹಾಗೇ ದೇವರ ಮನೆಗೆ ಹೋಗಕ್ಕಾಗುತ್ತಾ? ನೀರು ಸುಡ್ತಿದ್ದದ್ದು ಕಾಲಿಗೆ ಗೊತ್ತಾಗ್ಲಿಲ್ಲ."

ಎಣ್ಣೆಯ ಗುಣವನ್ನೆಲ್ಲ ಹೇಳಿದ್ದ ನಾನು, ನುಂಗಿದ ಮೇಲೆ ಏನು ಮಾಡುವಿರಿ ಎಂದು ಕೇಳಿರಲಿಲ್ಲ. ಗಾಯಕ್ಕೆ ಸೋಂಕು ತಗುಲಿದರೆ ಮುಂದಿನ ಕಿಮೋ ನಿಲ್ಲುತ್ತದೆ. ನೀರಿನ ಬಿಸಿಯನ್ನು ಮನೆಯಲ್ಲಿ ಬೇರೆ ಯಾರಾದರೂ ನೋಡಲಿ ಎಂದೆ.

"ಅತ್ತೆ ನೋಡ್ತಾರೆ ಬಿಡಿ. ಮೀನಿನ ವಿಷಯ ಅವರಿಗೆ ಹೇಳಿಲ್ಲ. ಎರಡು ಹೊತ್ತು ಸ್ನಾನ ಮಾಡ್ತೀನಿ ಅಂತ ಖುಷಿಯೋ ಖುಷಿ. 'ಈಗಲಾದ್ರೂ ಸೊಸೆಗೆ ಮಡಿ ಬಂತು' ಅಂತ ಪುಟ್ಟೇನಹಳ್ಳಿ ನೆಂಟರಿಗೆಲ್ಲ ಫೋನ್ ಮಾಡಿದ್ದಾರೆ."

ಆ ಮಡಿಗೆ ನಾನೇ ಕಾರಣಳೆಂದು ಹೇಳಿಕೊಳ್ಳುವ ಭಾಗ್ಯ ನನಗಿಲ್ಲ.